ಸರ್ರಿಯಲ್ ಸಿನಿಮಾ ಅಂದರೇನು?

ನಮ್ಮ ಸಿನಿಮಾಗಳಲ್ಲಿ ಕನಸು ಬಂದರೆ ಯಾರಿಗೂ ಗೊಂದಲ ಆಗುವುದಿಲ್ಲ. ನಾಯಕ ನಾಯಕಿಯನ್ನು ನೋಡುತ್ತಾ ಮೈಮರೆಯುತ್ತಾನೆ. ಮರುಕ್ಷಣ ಇಬ್ಬರೂ ಹಿಮದ ಬೆಟ್ಟದ ಮೇಲೆ ಕುಣಿಯುತ್ತಿರುತ್ತಾರೆ. ಹಾಡು ಮುಗಿಯುತ್ತಿದ್ದಂತೆ ಯಾರೋ ಭುಜ ತಟ್ಟುತ್ತಾರೆ. ಕನಸು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಥಿಯೇಟರಿನಲ್ಲಿ ಕೂತ ಮಗುವಿಗೂ ಗೊತ್ತು.

ಸರ್ರಿಯಲ್ ಸಿನಿಮಾ ಈ ಗುರುತುಗಳನ್ನೇ ಕಿತ್ತುಹಾಕುತ್ತದೆ. ಕನಸನ್ನೂ ಎಚ್ಚರದಷ್ಟೇ ನಿಚ್ಚಳವಾಗಿ, ಅದೇ ಬೆಳಕಿನಲ್ಲಿ ತೋರಿಸುತ್ತದೆ. ಈಗ ಸುಮ್ನೆ ವಿಚಿತ್ರವಾಗಿ ಕಂಡದ್ದನ್ನೆಲ್ಲ ಸರ್ರಿಯಲ್ ಅನ್ನುವವರೇ ಜಾಸ್ತಿ. ಹಾರುವ ಕುದುರೆ, ಮಾತಾಡುವ ಮರ ಇದ್ದರೆ ಅದು ಫ್ಯಾಂಟಸಿ. ಅಲ್ಲಿನ ಲೋಕವೇ ಬೇರೆ ಅಂತ ನಾವು ಮೊದಲೇ ಒಪ್ಪಿಕೊಂಡಿರುತ್ತೇವೆ. ಸರ್ರಿಯಲ್ ಚಿತ್ರದಲ್ಲಿ ಲೋಕ ನಮ್ಮದೇ. ಊಟದ ಮೇಜು, ಮೆಟ್ಟಿಲು, ಬಾಗಿಲು ಎಲ್ಲ ನಮಗೆ ಗೊತ್ತಿರುವಂಥವೇ. ಬಾಗಿಲ ಆಚೆ ಏನಿದೆ ಅನ್ನುವುದಕ್ಕೆ ಮಾತ್ರ ಖಾತ್ರಿ ಇಲ್ಲ.

ಕನ್ನಡದಲ್ಲಿ ಇದನ್ನು ಅತಿವಾಸ್ತವವಾದ ಅನ್ನುವುದುಂಟು. 1924ರಲ್ಲಿ ಪ್ಯಾರಿಸ್‌ನಲ್ಲಿ ಕವಿ ಆಂದ್ರೆ ಬ್ರೆತೋನ್ ಈ ಕಲಾ ಚಳವಳಿಯ ಪ್ರಣಾಳಿಕೆ ಬರೆದ. ಅವನು ವೈದ್ಯಕೀಯ ಓದಿದವನು. ಮೊದಲ ಮಹಾಯುದ್ಧದ ಕಾಲದಲ್ಲಿ ಮನಸ್ಸು ಕೆಟ್ಟ ಸೈನಿಕರ ಆರೈಕೆ ಮಾಡಿದ್ದ, ಕನಸುಗಳ ಅರ್ಥ ಹುಡುಕಿದ ಮನೋವೈದ್ಯ ಫ್ರಾಯ್ಡ್‌ನ ವಿಚಾರಗಳನ್ನು ಹಚ್ಚಿಕೊಂಡಿದ್ದ. ಕನಸು ಮತ್ತು ಎಚ್ಚರ ಒಂದಕ್ಕೊಂದು ವಿರುದ್ಧ ಅಂತ ಕಾಣುತ್ತವೆ, ಆದರೆ ಎರಡೂ ಸೇರಿ ಒಂದೇ ಆಗುವ ದಿನ ಬರುತ್ತದೆ ಅಂತ ನಂಬಿದ್ದ.

ಇದನ್ನು ತೆರೆಗೆ ತಂದವರಲ್ಲಿ ದೊಡ್ಡ ಹೆಸರು ಸ್ಪೇನಿನ ಲೂಯಿಸ್ ಬುನ್ಯುಯೆಲ್. 1929ರಲ್ಲಿ ಚಿತ್ರಕಲಾವಿದ ಸಾಲ್ವಡಾರ್ ಡಾಲಿ ಜೊತೆ ಸೇರಿ 'ಆಂದಲೂಸಿಯಾದ ನಾಯಿ' ಎಂಬ ಅರ್ಥದ ಹೆಸರಿನ ಕಿರುಚಿತ್ರ ಮಾಡಿದ. ಚಿತ್ರದಲ್ಲಿ ನಾಯಿ ಇಲ್ಲ. ಒಬ್ಬನಿಗೆ ಕಣ್ಣು ಕುಯ್ಯುವ ಕನಸು ಬಿದ್ದಿತ್ತು, ಇನ್ನೊಬ್ಬನಿಗೆ ಅಂಗೈಯಲ್ಲಿ ಇರುವೆ ಮುತ್ತಿದ ಕನಸು. ಅಲ್ಲಿಂದ ಕಥೆ ಕಟ್ಟಲು ಕೂತರು. ಬುದ್ಧಿಗೆ ವಿವರಣೆ ಸಿಗುವ ಯಾವ ದೃಶ್ಯವನ್ನೂ ಇಟ್ಟುಕೊಳ್ಳಬಾರದು, ಇದೊಂದೇ ಅವರ ನಿಯಮ. ಮಧ್ಯೆ 'ಎಂಟು ವರ್ಷಗಳ ನಂತರ' ಅಂತ ಅಕ್ಷರ ಬರುತ್ತದೆ. ನೋಡಿದರೆ ಅದೇ ಹೆಂಗಸು, ವಯಸ್ಸೇ ಆಗಿಲ್ಲ. ಆಮೇಲೆ 'ಹದಿನಾರು ವರ್ಷಗಳ ಹಿಂದೆ' ಅಂತ ಬರುತ್ತದೆ, ಆದರೆ ಕೋಣೆ ಅದೇ, ಜಗಳವೂ ಅದೇ. ಕನಸಿನಲ್ಲಿ ಹೊತ್ತು ಹೀಗೇ ಅಲ್ವಾ ಸರಿಯುವುದು?

ನನ್ನ ಪ್ರಕಾರ ಬುನ್ಯುಯೆಲ್‌ನ ಕೈ ಪೂರ್ತಿ ಪಳಗಿದ್ದು 1972ರ 'ದಿ ಡಿಸ್‌ಕ್ರೀಟ್ ಚಾರ್ಮ್ ಆಫ್ ದಿ ಬೂರ್ಜ್ವಾಸಿ'ಯಲ್ಲಿ. ಆರು ಜನ ಸಿರಿವಂತ ಸ್ನೇಹಿತರು ಒಟ್ಟಿಗೆ ಊಟಕ್ಕೆ ಕೂರಬೇಕು. ಪ್ರತಿ ಸಲವೂ ಏನೋ ಒಂದು ಅಡ್ಡಿ. ಒಮ್ಮೆ ಸೇನೆಯ ಕರ್ನಲ್ ಒಬ್ಬ ಮನೆಗೆ ಕರೆದಿರುತ್ತಾನೆ. ಎಲ್ಲರೂ ಮೇಜಿಗೆ ಕೂರುತ್ತಾರೆ. ಬಡಿಸಲು ತಂದ ಕೋಳಿ ನಕಲಿ. ಅಷ್ಟರಲ್ಲಿ ಪಕ್ಕದ ಪರದೆ ಸರಿಯುತ್ತದೆ. ಎದುರಿಗೆ ತುಂಬಿದ ಪ್ರೇಕ್ಷಕರು! ಇವರು ಕೂತಿರುವುದು ನಾಟಕದ ರಂಗದ ಮೇಲೆ. ಮರೆಯಲ್ಲಿ ಇದ್ದವನೊಬ್ಬ ಮಾತು ಎತ್ತಿಕೊಡುತ್ತಿದ್ದಾನೆ, ಇವರಿಗೆ ಬಾಯಿಗೆ ಮಾತೇ ಬರುತ್ತಿಲ್ಲ. ಒಬ್ಬ ಬೆವೆತುಹೋಗುತ್ತಾನೆ, ಮತ್ತೆ ಹಾಸಿಗೆಯಲ್ಲಿ ಎಚ್ಚರವಾಗುತ್ತಾನೆ. ಸದ್ಯ ಕನಸು ಅಂತ ನಾವು ಉಸಿರು ಬಿಡುತ್ತೇವೆ. ಅವನು ಕರ್ನಲ್ ಮನೆಯ ನಿಜವಾದ ಪಾರ್ಟಿಗೆ ಹೋಗುತ್ತಾನೆ. ಅಲ್ಲಿ ಮಾತಿಗೆ ಮಾತು ಬೆಳೆದು ಗುಂಡು ಹಾರುತ್ತದೆ. ತಕ್ಷಣ ಇನ್ನೊಬ್ಬ ಸ್ನೇಹಿತ ಎಚ್ಚರವಾಗಿ, ತನ್ನ ಗೆಳೆಯ ಕನಸು ಕಾಣುತ್ತಿದ್ದಾನೆ ಅಂತ ತನಗೆ ಕನಸು ಬಿತ್ತು ಅನ್ನುತ್ತಾನೆ. ಅಲ್ಲಿಂದ ಮುಂದೆ ಚಿತ್ರದ ಒಂದೊಂದು ದೃಶ್ಯವನ್ನೂ ಅನುಮಾನದಿಂದಲೇ ನೋಡಬೇಕಾಗುತ್ತದೆ. ಕ್ಯಾಮೆರಾ ಎಲ್ಲೂ ಸುಳಿವು ಕೊಡುವುದಿಲ್ಲ. ಸಪ್ಪೆಯಾಗಿ, ಸುದ್ದಿ ಓದಿದ ಹಾಗೆ ತೋರಿಸುತ್ತದೆ. ನನಗೆ ಇದೇ ಅತಿ ಹೆಚ್ಚು ಬೆಚ್ಚಿಬೀಳಿಸುವ ಸಂಗತಿ.

ಹಾಗಾದರೆ ಪವನ್ ಕುಮಾರ್ ಅವರ 'ಲೂಸಿಯಾ' ಸರ್ರಿಯಲ್ಲಾ? 2013ರಲ್ಲಿ ಪ್ರೇಕ್ಷಕರೇ ಹಣ ಹಾಕಿ ಮಾಡಿಸಿದ ಚಿತ್ರ ಅದು. ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿಗೆ ನಿದ್ದೆ ಬರುವುದಿಲ್ಲ. ಒಂದು ಮಾತ್ರೆ ನುಂಗುತ್ತಾನೆ, ಕನಸಿನಲ್ಲಿ ಸಿನಿಮಾ ಸ್ಟಾರ್ ಆಗುತ್ತಾನೆ. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪು ಬಿಳುಪಿನಲ್ಲಿ. ಅಂದರೆ ಇಲ್ಲಿ ಗುರುತು ಇದೆ. ಆದರೆ ಆ ಗುರುತನ್ನು ನಾವು ಎಷ್ಟು ಸಲೀಸಾಗಿ ನಂಬಿಬಿಡುತ್ತೇವೆ ಅನ್ನುವುದರ ಮೇಲೇ ಚಿತ್ರ ನಿಂತಿದೆ. ನೋಡದವರಿಗಾಗಿ ಮುಂದಿನದು ಹೇಳುವುದಿಲ್ಲ. ಕೊನೆಗೆ ಒಗಟು ಬಿಡಿಸಿ ಕೈಗೆ ಕೊಡುವುದರಿಂದ ಅದನ್ನು ಅಪ್ಪಟ ಸರ್ರಿಯಲ್ ಅನ್ನಲಾರೆ. ಹತ್ತಿರದ ನೆಂಟ ಅನ್ನಬಹುದು. ಬುನ್ಯುಯೆಲ್ ಬಿಡಿಸುವುದೇ ಇಲ್ಲ.

ಹೊಸದಾಗಿ ನೋಡುವವರು 1972ರ ಚಿತ್ರದಿಂದ ಶುರು ಮಾಡಿ. 1929ರದ್ದರ ಮೊದಲ ನಿಮಿಷಗಳಲ್ಲೇ ಕಣ್ಣು ಕುಯ್ಯುವ ದೃಶ್ಯ ಇದೆ, ಎಲ್ಲರಿಗೂ ಅದನ್ನು ತಡೆದುಕೊಳ್ಳಲು ಆಗುವುದಿಲ್ಲ. ನೋಡುವಾಗ ಇದರ ಅರ್ಥ ಏನು ಅಂತ ಹುಡುಕುತ್ತಾ ಕೂರಬೇಡಿ. ಯಾವ ದೃಶ್ಯದಲ್ಲಿ ಎದೆ ಹೊಡೆದುಕೊಂಡಿತು ಅನ್ನುವುದನ್ನು ಗಮನಿಸಿ, ಮಾತಾಡಲು ಅಷ್ಟು ಸಾಕು.