ಹಳದಿ ದೀಪ ತಂದ ಸುದ್ದಿ

"ಕೆಂಪಲ್ಲ ಸರ, ಹಳದಿ ಹತ್ತೈತ್ರಿ. ಅಂಥಾ ದೊಡ್ಡದೇನಿಲ್ಲ ಬಿಡ್ರಿ."

ಗಂಗಾವತಿಯ ರೈಸ್ ಮಿಲ್ಲೊಂದರ ಗುಮಾಸ್ತರು ಫೋನ್ ರಿಪೇರಿಯವನಾದ ನನಗೆ ಹೀಗೆ ಹೇಳಿದ್ದು ತಮ್ಮ ಮೊಬೈಲಿನಿಂದ. ಭತ್ತದ ಸುಗ್ಗಿ ಜೋರಾಗಿದ್ದ ದಿನ ಆಫೀಸಿನ ಫೋನುಗಳೆಲ್ಲ ಮೂಕವಾಗಿದ್ದವು. ಟ್ರಾಫಿಕ್ ಸಿಗ್ನಲ್ ನೋಡಿ ಬೆಳೆದವರಿಗೆ ಹಳದಿ ಎಂದರೆ ಕೆಂಪಿಗಿಂತ ಕಡಿಮೆ. ಆಫೀಸಿನ ಫೋನುಗಳನ್ನೆಲ್ಲ ಹೊರಗಿನ ಲೈನಿಗೆ ಜೋಡಿಸುವ ಇಪಿಎಬಿಎಕ್ಸ್ ಪೆಟ್ಟಿಗೆಯಲ್ಲಿ ಲೆಕ್ಕವೇ ಬೇರೆ. ಅಲ್ಲಿನ ಬಣ್ಣ ತೊಂದರೆ ಎಷ್ಟು ದೊಡ್ಡದು ಅಂತ ಹೇಳುವುದಿಲ್ಲ, ಯಾವ ಕಡೆ ಇದೆ ಅಂತ ಹೇಳುತ್ತದೆ.

ಆ ಮಿಲ್ಲಿಗೆ ಟೆಲಿಫೋನ್ ಕಂಪನಿಯಿಂದ ಬಂದಿದ್ದು ಪಿಆರ್‌ಐ ಲೈನು, ಅಂದರೆ ಏಕಕಾಲಕ್ಕೆ 30 ಕರೆ ಹೊರುವ ಡಿಜಿಟಲ್ ಲೈನು. ತಾಮ್ರದ ಎರಡು ಜೊತೆ ತಂತಿ: ಒಂದು ಜೊತೆ ಹೇಳಲಿಕ್ಕೆ, ಇನ್ನೊಂದು ಕೇಳಲಿಕ್ಕೆ. ಇದರ ಮೇಲೆ 32 ಡಬ್ಬಿಗಳ ರೈಲು ಸೆಕೆಂಡಿಗೆ 8,000 ಸಲ ಓಡುತ್ತದೆ. ಡಬ್ಬಿಗೆ 8 ಬಿಟ್‌ನಂತೆ ಒಟ್ಟು 20,48,000 ಬಿಟ್. ಮಾತು ತುಂಬುವುದು 30 ಡಬ್ಬಿಗಳಲ್ಲಿ ಮಾತ್ರ. 16ನೆಯದು ಯಾರು ಯಾರಿಗೆ ಫೋನ್ ಹಚ್ಚಿದರು ಎಂಬ ವ್ಯವಹಾರಕ್ಕೆ. ಸೊನ್ನೆಯ ಡಬ್ಬಿ ರೈಲಿನ ತಲೆ ಎಲ್ಲಿದೆ ಎಂದು ಗುರುತಿಸಲಿಕ್ಕೆ.

ಬರುವ ರೈಲು ಕಾಣದೇ ಹೋದರೆ ನಮ್ಮ ಪೆಟ್ಟಿಗೆಯಲ್ಲಿ ಕೆಂಪು. ಆಗ ಅದು ಸುಮ್ಮನೆ ಕೂರುವುದಿಲ್ಲ. ತಾನು ಕಳಿಸುವ ಸೊನ್ನೆಯ ಡಬ್ಬಿಯಲ್ಲಿ ಒಂದು ಬಿಟ್ ಏರಿಸಿ 'ನಿನ್ನದು ನನಗೆ ಕೇಳುತ್ತಿಲ್ಲ' ಎಂದು ಆಚೆ ತುದಿಗೆ ದೂರುತ್ತದೆ. ಆಚೆಯವರಿಗೆ ಅದೇ ಹಳದಿ. ಅಂದರೆ ಒಬ್ಬರ ಹಳದಿ ಇನ್ನೊಬ್ಬರ ಕೆಂಪು. ನೀಲಿ ಹತ್ತಿದರೆ ಮಧ್ಯದ ಯಾವುದೋ ಯಂತ್ರ ತಾನು ಜೀವಂತವಿದ್ದೇನೆ ಎಂದು ಬರೀ 1, 1, 1 ಕಳಿಸುತ್ತಿದೆ, ಅದಕ್ಕೂ ಹಿಂದೆ ಎಲ್ಲೋ ಲೈನು ಕಡಿದಿದೆ.

ಮಿಲ್ಲಿನಲ್ಲಿದ್ದದ್ದು ಹಳದಿ. ಕಂಪನಿಯ ಮಾತು ನಮಗೆ ಚೆನ್ನಾಗಿ ಬರುತ್ತಿದೆ, ನಮ್ಮದು ಅವರಿಗೆ ಮುಟ್ಟುತ್ತಿಲ್ಲ.

ನನ್ನ ಚೀಲದಲ್ಲಿ ಲೂಪ್ ಪ್ಲಗ್ ಒಂದಿದೆ. ಕೇಬಲ್ಲಿನ ತುದಿಗೆ ಹಾಕುವ ಅದೇ ಪಾರದರ್ಶಕ ಪ್ಲಗ್ಗು. ಒಳಗೆ 1ನೇ ಪಿನ್ನನ್ನು 4ಕ್ಕೆ, 2ನೆಯದನ್ನು 5ಕ್ಕೆ ಗಿಡ್ಡ ತಂತಿಯಿಂದ ಸೇರಿಸಿದ್ದು. ಪೆಟ್ಟಿಗೆ ಹೇಳಿದ್ದು ಅದರ ಕಿವಿಗೇ ವಾಪಸು ಬರುತ್ತದೆ. ಸಾವಿರಾರು ರೂಪಾಯಿಯ ಮೀಟರಿಗಿಂತ ನನಗೆ ಇದರ ಮೇಲೆಯೇ ನಂಬಿಕೆ ಜಾಸ್ತಿ. ಪೆಟ್ಟಿಗೆಗೇ ಚುಚ್ಚಿದೆ, ದೀಪಗಳೆಲ್ಲ ಆರಿದವು. ಪೆಟ್ಟಿಗೆ ಸರಿಯಿದೆ. ಕೇಬಲ್ ವಾಪಸು ಸಿಕ್ಕಿಸಿ, ಅದರ ಆಚೆ ತುದಿಯನ್ನು ಕಂಪನಿಯ ಮೋಡೆಮ್ಮಿನಿಂದ ಕಿತ್ತು ಅಲ್ಲಿ ಲೂಪ್ ಮಾಡಿದೆ. ಕೆಂಪು! ಹೇಳಿದ್ದು ದಾರಿಯಲ್ಲೇ ಕಳೆಯುತ್ತಿತ್ತು.

ಕೇಬಲ್ ಸಾಗುವ, ತೌಡಿನ ಧೂಳು ಕೂತ ಪಟ್ಟಿಯ ಮುಚ್ಚಳ ತೆಗೆದರೆ ಇಲಿ ಕಡಿದ ಗುರುತು. ನಾಲ್ಕು ಎಳೆಯಲ್ಲಿ ತುಂಡಾದದ್ದು ಒಂದೇ. ಪಕ್ಕದಲ್ಲೇ ಅಕ್ಕಿ ರಾಶಿ ಇರುವಾಗ ಪ್ಲಾಸ್ಟಿಕ್ ಯಾಕೆ ಅಂದರೆ, ಇಲಿಯ ಬಾಚಿಹಲ್ಲು ಬೆಳೆಯುತ್ತಲೇ ಇರುತ್ತದೆ, ಅದನ್ನು ಸವೆಸಲೇಬೇಕು.

ಈಗ ಆ ಮಿಲ್ಲಿನಲ್ಲಿ ಐಪಿ ಫೋನು, ಕಂಪ್ಯೂಟರ್ ಜಾಲದ ಮೇಲೆಯೇ ಮಾತು ಸಾಗಿಸುವಂಥದ್ದು. ಅಲ್ಲಿ ಮೊದಲ ಪರೀಕ್ಷೆ ಪಿಂಗ್. 1983ರ ಡಿಸೆಂಬರಿನಲ್ಲಿ ಮೈಕ್ ಮ್ಯೂಸ್ ಬರೆದ ಪುಟ್ಟ ಪ್ರೋಗ್ರಾಮು, ಕೂಗಿ ಓಗೊಡುವುದನ್ನು ಕಾಯುವುದಷ್ಟೇ ಕೆಲಸ. ಆದರೆ ಪಿಂಗ್ ಸರಿ ಬಂದರೂ ಮಾತು ಒಂದೇ ಕಡೆ ಹೋಗುವುದುಂಟು. ಮಾತಿನ ತುಣುಕುಗಳು, ಅಂದರೆ ಪ್ಯಾಕೆಟ್ಟುಗಳು, ತಮ್ಮದೇ ಬಾಗಿಲಿನಲ್ಲಿ (ಪೋರ್ಟಿನಲ್ಲಿ) ಓಡುತ್ತವೆ, ನಡುವೆ ಕಾವಲು ಕೂತ ಫೈರ್‌ವಾಲ್ ಒಂದು ದಿಕ್ಕನ್ನಷ್ಟೇ ತಡೆದಿರಬಹುದು. ಆಗ ಮೇಜಿನ ಮೇಲಿನ ಫೋನಿನಲ್ಲಿ ಹಳದಿ ದೀಪ ಹತ್ತುವುದಿಲ್ಲ. ಆಚೆ ಕಡೆಯ ಮನುಷ್ಯ ಬೇರೆ ನಂಬರಿನಿಂದ ಫೋನ್ ಹಚ್ಚಿ ಹೇಳಬೇಕು: "ನಿಮ್ಮ ಮಾತು ಕೇಳವಲ್ದ್ರೀ!"