ಮೂರೆಲೆ, ಹಳದಿ ಹೂವು: ಇಷ್ಟು ಹೇಳಿದರೆ ಸಾಲದು

ಮೇ ತಿಂಗಳು ಬಂತೆಂದರೆ ನನ್ನ ವಾಟ್ಸಾಪ್ ತುಂಬ ಹಳದಿ ಹೂವುಗಳೇ. ಇಂಗ್ಲೆಂಡಿನಲ್ಲಿ ತೋಟ, ಲಾನ್‌ಗಳ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಇಲ್ಲಿನ ಕನ್ನಡದ ಮನೆಗಳಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಇದು ನಮ್ಮೂರಿನ ಪುಲ್ಲಂಪುರಚಿ ಅಲ್ವಾ? ತಂಬುಳಿ ಮಾಡಬಹುದಾ?” ಜೊತೆಗೆ ನಿಂತಲ್ಲಿಂದಲೇ ತೆಗೆದ ಒಂದು ಫೋಟೊ. ಹಳದಿ ಚುಕ್ಕೆ ಬಿಟ್ಟರೆ ಅದರಲ್ಲಿ ಏನೂ ಕಾಣುವುದಿಲ್ಲ.

ದಯವಿಟ್ಟು ಬಗ್ಗಿ ನೋಡಿ. ಪುಲ್ಲಂಪುರಚಿ ಹೂವಿಗೆ ಐದು ಬಿಡಿ ಎಸಳು. ಇಲ್ಲಿನ ಲಾನ್‌ಗಳಲ್ಲಿ ಅದರಂತೆಯೇ ಕಾಣುವ ಮೂರೆಲೆಯ ಕ್ಲೋವರ್ ಅವರೆ, ಹೆಸರುಕಾಳಿನ ಕುಟುಂಬದ್ದು. ನೀವು ಒಂದು ಹೂವು ಅಂದುಕೊಳ್ಳುವುದು ನಿಜಕ್ಕೂ ಪುಟಾಣಿ ಅವರೆ ಹೂಗಳ ಗೊಂಚಲು.

ಮಗಳ ಮನೆಗೆ ಶಿವಮೊಗ್ಗದಿಂದ ಬಂದಿದ್ದ ಒಬ್ಬ ಅಮ್ಮ ನನಗಿಂತ ಮೊದಲೇ ತೀರ್ಪು ಕೊಟ್ಟಿದ್ದರು. “ಪುಲ್ಲಂಪುರಚಿ ಎಲೆ ನಡುವೆ ಆಳವಾಗಿ ಸೀಳಿರುತ್ತೆ ಕಣಪ್ಪ. ಇದು ಮೆಂತ್ಯದ ಜಾತಿ,” ಅಂದರು. ನೂರಕ್ಕೆ ನೂರು ಸರಿ. ಮೆಂತ್ಯ ಮತ್ತು ಕ್ಲೋವರ್ ಹತ್ತಿರದ ನೆಂಟರು. ಅಂಥವರ ಜೊತೆ ಲಾನ್‌ನಲ್ಲಿ ಕೂತರೆ ನನಗೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ.

ಇಷ್ಟಾದ ಮೇಲೂ ಜನ ಎಡವುವ ಜಾಗ ಒಂದಿದೆ. ಇಲ್ಲಿನ ಲಾನ್‌ಗಳಲ್ಲಿ ತೀರಾ ಸಾಮಾನ್ಯವಾದ ಹಳದಿ ಕ್ಲೋವರ್ ಲೆಸ್ಸರ್ ಟ್ರೆಫಾಯಿಲ್, ಅಂದರೆ ಟ್ರೈಫೋಲಿಯಂ ಡ್ಯೂಬಿಯಂ. ಅದರ ಪಕ್ಕದಲ್ಲೇ ಬೆಳೆಯುತ್ತದೆ ಬ್ಲ್ಯಾಕ್ ಮೆಡಿಕ್. ಇದು ಕ್ಲೋವರ್ ಅಲ್ಲ. ನಮ್ಮಲ್ಲಿ ಹಸುಗಳಿಗೆ ಹಾಕುವ ಕುದುರೆ ಮಸಾಲೆ ಸೊಪ್ಪಿನ ಕುಲದ್ದು. ಎರಡಕ್ಕೂ ಮೂರೆಲೆ, ಎರಡಕ್ಕೂ ಚಿಕ್ಕ ಹಳದಿ ಗೊಂಚಲು. ಮೊಬೈಲ್ ಆಪ್‌ಗಳೂ ಇಲ್ಲಿ ಆಗಾಗ ತಪ್ಪುತ್ತವೆ.

ಹಾಗಾದರೆ ಎಲೆಯ ತುದಿ ನೋಡಿ. ಬಣ್ಣ ಬೇಡ, ಗಾತ್ರ ಬೇಡ, ತುದಿ ನೋಡಿ. ಮೆಡಿಕ್ ಆದರೆ ತುದಿಯ ನಟ್ಟನಡುವೆ ಕೂದಲೆಳೆಯಷ್ಟು ಚಿಕ್ಕ ಮೊನೆ ಇರುತ್ತದೆ. ಟ್ರೆಫಾಯಿಲ್‌ಗೆ ಆ ಮೊನೆ ಇಲ್ಲ. ಹಳೆಯ ಎಲೆಯಲ್ಲಿ ಮೊನೆ ಮುರಿದಿರಬಹುದು. ಆದ್ದರಿಂದ ಎಳೆಯ ಎಲೆಗಳನ್ನೇ ಆರಿಸಿ, ನಾಲ್ಕೈದಾದರೂ ನೋಡಿ. ಬರೀ ಕಣ್ಣಿಗೆ ಕಾಣದಿದ್ದರೆ ಬಿಳಿ ಕಾಗದದ ಮೇಲೆ ಎಲೆ ಇಟ್ಟು ಫೋಟೊ ತೆಗೆದು ದೊಡ್ಡದು ಮಾಡಿ. ಆಗಲೂ ಅನುಮಾನವೇ? ಎರಡು ವಾರ ಕಾಯಿರಿ. ಟ್ರೆಫಾಯಿಲ್ ಎಸಳುಗಳು ಒಣಗಿ ಕಂದಾದರೂ ಉದುರುವುದಿಲ್ಲ, ಕಾಯಿಯನ್ನು ಮುಚ್ಚಿಕೊಂಡೇ ಇರುತ್ತವೆ. ಮೆಡಿಕ್‌ನ ಎಸಳು ಉದುರಿ, ಸುರುಳಿ ಸುತ್ತಿದ ಪುಟ್ಟ ಕಾಯಿಗಳ ಗೊಂಚಲು ಹೊರಬರುತ್ತದೆ. ಬಲಿತಾಗ ಅವು ಕಪ್ಪಾಗುತ್ತವೆ.

ಗೊಂಚಲು ದೊಡ್ಡದಾಗಿದ್ದು, ಇಪ್ಪತ್ತಕ್ಕಿಂತ ಜಾಸ್ತಿ ಹೂ ಒತ್ತಾಗಿದ್ದರೆ ಅದು ಬಹುಶಃ ಹಾಪ್ ಟ್ರೆಫಾಯಿಲ್. ಅದಕ್ಕೆ ಒಣ ಹುಲ್ಲುಗಾವಲು, ಮರಳು ನೆಲ ಇಷ್ಟ. ಮೆಡಿಕ್‌ಗೆ ಸುಣ್ಣದ ಅಂಶವಿರುವ ಮಣ್ಣು ಒಗ್ಗುತ್ತದೆ. ಆದರೆ ಜಾಗ ನೋಡಿ ಹೆಸರು ಹೇಳಬೇಡಿ. ರಸ್ತೆಬದಿಯ ಒಂದೇ ಗೇಣು ಹುಲ್ಲಿನಲ್ಲಿ ಇವು ಒಟ್ಟಿಗೆ ಸಿಗುತ್ತವೆ.

ಈ ಗೊಂದಲ ನಮ್ಮವರದ್ದು ಮಾತ್ರ ಅಲ್ಲ. 1988ರಲ್ಲಿ ಡಬ್ಲಿನ್ನಿನ ಸಸ್ಯವಿಜ್ಞಾನಿ ಚಾರ್ಲ್ಸ್ ನೆಲ್ಸನ್, ಐರ್ಲೆಂಡಿನ ಲಾಂಛನವಾದ ಮೂರೆಲೆ ‘ಶ್ಯಾಮ್ರಾಕ್’ ಅಂದರೆ ಯಾವ ಗಿಡ ಎಂದು ಅಲ್ಲಿನ ಜನರನ್ನೇ ಕೇಳಿ ಮಾದರಿ ತರಿಸಿಕೊಂಡರು. ಅತಿ ಹೆಚ್ಚು ಬಂದದ್ದು ಲೆಸ್ಸರ್ ಟ್ರೆಫಾಯಿಲ್. ಅದರ ಹಿಂದೆ ಬಿಳಿ ಕ್ಲೋವರ್. ಬ್ಲ್ಯಾಕ್ ಮೆಡಿಕ್ ಕಳಿಸಿದವರೂ ಇದ್ದರು.

ಲಾನ್ ತುಂಬ ಹಬ್ಬಿದೆ ಎಂದು ಕಳೆನಾಶಕಕ್ಕೆ ಕೈ ಹಾಕುವ ಮುಂಚೆ ಹುಲ್ಲಿನ ಬಣ್ಣ ನೋಡಿ, ಪೇಲವವಾಗಿದ್ದರೆ ನೆಲದಲ್ಲಿ ಸಾರಜನಕ ಸಾಲದಿರಬಹುದು. ಟ್ರೆಫಾಯಿಲ್ ಮತ್ತು ಮೆಡಿಕ್ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಹಾಗಾಗಿ ಹುಲ್ಲು ಸೊರಗುವ ಬಡ ನೆಲದಲ್ಲೂ ಇವು ಚೆನ್ನಾಗಿ ಬದುಕುತ್ತವೆ. ಹುಲ್ಲಿಗೆ ಸಾರಜನಕದ ಗೊಬ್ಬರ ಕೊಟ್ಟರೆ ಸಾಮಾನ್ಯವಾಗಿ ಇವುಗಳ ಜೋರು ತಗ್ಗುತ್ತದೆ. ನನ್ನನ್ನು ಕೇಳಿದರೆ, ಜೇನುನೊಣ ಬರುವ ಲಾನನ್ನು ಸುಮ್ನೆ ಹಾಗೇ ಬಿಡಿ.

ತಂಬುಳಿ ವಿಷಯ. ಫೋಟೊ ನೋಡಿ “ತಿನ್ನಿ” ಎಂದು ನಾನು ಯಾರಿಗೂ ಹೇಳುವುದಿಲ್ಲ. ನಾಯಿಗಳು ಓಡಾಡುವ, ಔಷಧ ಸಿಂಪಡಿಸಿರಬಹುದಾದ ರಸ್ತೆಬದಿಯ ಸೊಪ್ಪಂತೂ ಬೇಡವೇ ಬೇಡ. ಅದು ನಿಜವಾದ ಪುಲ್ಲಂಪುರಚಿಯೇ ಆಗಿದ್ದರೂ ಅದರ ಹುಳಿ ಆಕ್ಸಾಲಿಕ್ ಆಮ್ಲದ್ದು. ಕಿಡ್ನಿ ಕಲ್ಲಿನ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಲಿ.