ವೇಗದ ಮುಳ್ಳು ಸುಳ್ಳು ಹೇಳಿದಾಗ

ಉಡಾನ್ ಯೋಜನೆಯಡಿ 2017ರಲ್ಲಿ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನ ಬರತೊಡಗಿದ ಮೇಲೆ ಬಳ್ಳಾರಿ, ಹೊಸಪೇಟೆಯ ಎಷ್ಟೋ ಜನ ವಿಮಾನವನ್ನು ಹತ್ತಿರದಿಂದ ಕಂಡರು. ಅದರ ಮೂತಿಯ ಪಕ್ಕದಲ್ಲಿ ಚಾಚಿಕೊಂಡಿರುವ ಸಣ್ಣ ಕೊಳವೆಗಳೇ ಪಿಟೋ ಕೊಳವೆಗಳು. 1732ರಲ್ಲಿ ಫ್ರಾನ್ಸಿನ ಹೆನ್ರಿ ಪಿಟೋ ಈ ಉಪಾಯ ಹೂಡಿದ್ದು ಸೇನ್ ನದಿಯ ನೀರಿನ ವೇಗ ಅಳೆಯಲು. ತುಂಗಭದ್ರಾ ಕಾಲುವೆಯಲ್ಲಿ ಬಾಗಿದ ಕೊಳವೆಯೊಂದನ್ನು ಹರಿವಿಗೆ ಎದುರಾಗಿ ಹಿಡಿದರೆ ನೀರು ಅದರೊಳಗೆ ಮೇಲೇರುತ್ತದೆ. ಏರಿದ ಎತ್ತರದಿಂದ ವೇಗ ತಿಳಿಯುತ್ತದೆ. ವಿಮಾನದಲ್ಲೂ ಇದೇ ಲೆಕ್ಕ. ಪಿಟೋ ಕೊಳವೆಗೆ ಬಡಿಯುವ ಎದುರು ಗಾಳಿಯ ಒತ್ತಡದಿಂದ, ಸುತ್ತಲಿನ ಗಾಳಿಯ ಸಹಜ ಒತ್ತಡ ಅಳೆಯುವ, ವಿಮಾನದ ಮೈಮೇಲಿನ ಸ್ಟ್ಯಾಟಿಕ್ ರಂಧ್ರದ ಒತ್ತಡವನ್ನು ಕಳೆದರೆ ವೇಗ ತಿಳಿಯುತ್ತದೆ.

ಒಂದೇ ಉಪಕರಣವನ್ನು ನಂಬಿ ಕೆಟ್ಟ ದೊಡ್ಡ ಉದಾಹರಣೆ ನಮ್ಮ ದೇಶದ್ದೇ. 1978ರ ಜನವರಿ 1ರ ರಾತ್ರಿ ಮುಂಬೈನಿಂದ ಹೊರಟ ಏರ್ ಇಂಡಿಯಾ ಬೋಯಿಂಗ್ 747ರಲ್ಲಿ ಕ್ಯಾಪ್ಟನ್ ಎದುರಿನ, ವಿಮಾನದ ವಾಲಿಕೆ ತೋರುವ ಉಪಕರಣ ಕೆಟ್ಟಿತು. ಕೆಳಗೆ ಕತ್ತಲ ಕಡಲು, ಕ್ಷಿತಿಜವಿಲ್ಲ. ಬಲಕ್ಕೆ ವಾಲಿದೆ ಎಂದುಕೊಂಡು ಅವರು ಎಡಕ್ಕೆ ಹೊರಳಿಸುತ್ತಲೇ ಹೋದರು. 213 ಜನ ಸತ್ತರು.

ಪಿಟೋ ಕೊಳವೆಯ ಪಾಠ ಬಂದದ್ದು 1996ರಲ್ಲಿ. ಡೊಮಿನಿಕನ್ ಗಣರಾಜ್ಯದಲ್ಲಿ ಹಲವು ದಿನ ಮುಚ್ಚಿಗೆ ಹಾಕದೆ ನಿಂತಿದ್ದ ಬಿರ್ಗೆನೇರ್ ಕಂಪನಿಯ ಬೋಯಿಂಗ್ 757ರ ಒಂದು ಕೊಳವೆಯಲ್ಲಿ ಬಹುಶಃ ಕುಂಬಾರ ಹುಳ ಗೂಡು ಕಟ್ಟಿತ್ತು. ಕೊಳವೆಯ ಬಾಯಿ, ನೀರು ಇಳಿಯುವ ತೂತು ಎರಡೂ ಮುಚ್ಚಿಕೊಂಡರೆ ಒಳಗಿನ ಒತ್ತಡ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೇಲೇರಿದಂತೆ ಹೊರಗಿನ ಒತ್ತಡ ಇಳಿಯುತ್ತದೆ, ಹಾಗಾಗಿ ಮುಳ್ಳು ವೇಗ ಹೆಚ್ಚುತ್ತಿದೆ ಎನ್ನುತ್ತದೆ. ಅದನ್ನು ನಂಬಿದ ಆಟೊಪೈಲಟ್ ಮೂತಿ ಎತ್ತುತ್ತ ಹೋಯಿತು. ವೇಗ ಮಿತಿಮೀರಿದೆ ಎಂಬ ಎಚ್ಚರಿಕೆಯೂ, ಸ್ಟಾಲ್ ಆಗಲಿದೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳಲಿದೆ ಎಂದು ಕಂಟ್ರೋಲ್ ನಡುಗುವ ಎಚ್ಚರಿಕೆಯೂ ಒಟ್ಟಿಗೇ ಬಂದವು. 189 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ತನ್ನ ಮುಳ್ಳು ಏಳುತ್ತಿಲ್ಲವೆಂದು ಕ್ಯಾಪ್ಟನ್‌ಗೆ ರನ್‌ವೇ ಮೇಲೆಯೇ ಗೊತ್ತಾಗಿತ್ತು. ಓಟದ ನಡುವೆ ಬೋಯಿಂಗ್‌ನಲ್ಲಿ 80, ಏರ್‌ಬಸ್‌ನಲ್ಲಿ 100 ನಾಟ್ (ವಿಮಾನದ ವೇಗದ ಅಳತೆ) ತಲುಪಿದಾಗ ಪೈಲಟ್‌ಗಳಿಬ್ಬರೂ ತಮ್ಮ ಮುಳ್ಳು ತಾಳೆ ನೋಡುವುದು ಇದಕ್ಕೇ. ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿಸಬೇಕು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಪೆರುವಿನ ಇನ್ನೊಂದು 757. ತೊಳೆಯುವಾಗ ಸ್ಟ್ಯಾಟಿಕ್ ರಂಧ್ರಕ್ಕೆ ಅಂಟಿಸಿದ ಟೇಪನ್ನು ಯಾರೂ ಕೀಳಲಿಲ್ಲ. ಪೈಲಟ್‌ಗಳು ಎತ್ತರವೆಷ್ಟೆಂದು ಕೇಳಿದರೆ, ನೆಲದ ನಿಯಂತ್ರಕರು ತಮ್ಮ ಪರದೆಯ ಅಂಕಿ ಓದಿದರು. ಆ ಅಂಕಿ ಹೋಗಿದ್ದು ವಿಮಾನದಿಂದಲೇ, ಅದೇ ಮುಚ್ಚಿದ ರಂಧ್ರದ ಕೆಟ್ಟ ಅಳತೆಯಿಂದ. ಇದು ಇಂದಿಗೂ ಮರೆಯಬಾರದ ಸೂಕ್ಷ್ಮ.

2009ರ ಜೂನ್ 1ರಂದು ಏರ್ ಫ್ರಾನ್ಸ್ 447ರ ಕೊಳವೆಗಳಿಗೆ ಮಂಜುಹರಳು ತುಂಬಿ ಆಟೊಪೈಲಟ್ ಕೈಬಿಟ್ಟಿತು. ತಡೆ ಉಳಿದದ್ದು ಸುಮಾರು ಒಂದು ನಿಮಿಷ. ಅಷ್ಟರಲ್ಲಿ ಎತ್ತಿದ ಮೂತಿಯನ್ನು ಪೈಲಟ್‌ಗಳು ಬೇಕಾದಷ್ಟು ಇಳಿಸಲಿಲ್ಲ. 228 ಜನ ಹೋದರು.

ವೇಗದ ಮುಳ್ಳನ್ನು ನಂಬಲಾಗದಾಗ ಪಾಲಿಸುವ ಈಗಿನ ಕ್ರಮ ಅಂಕಿಗಳಲ್ಲೇ ಇದೆ. ಆಟೊಪೈಲಟ್, ಎಂಜಿನ್ ಬಲವನ್ನು ತಾನೇ ಹೊಂದಿಸುವ ಆಟೊಥ್ರಸ್ಟ್, ಮೂತಿ ಎತ್ತ ತಿರುಗಿಸಬೇಕೆಂದು ಪರದೆಯಲ್ಲಿ ಸೂಚಿಸುವ ಫ್ಲೈಟ್ ಡೈರೆಕ್ಟರ್ ಮೂರನ್ನೂ ಆರಿಸಬೇಕು, ಏಕೆಂದರೆ ಅವು ಸುಳ್ಳು ವೇಗವನ್ನೇ ಹಿಂಬಾಲಿಸುತ್ತವೆ. ಆಮೇಲೆ ಮೂತಿಯ ಕೋನ, ಎಂಜಿನ್ ಬಲ ಎರಡನ್ನು ಮಾತ್ರ ಹಿಡಿಯಬೇಕು. ಏರ್‌ಬಸ್ ಎ320ರಲ್ಲಿ ಟೇಕಾಫ್ ಹಂತದಲ್ಲಿ 15 ಡಿಗ್ರಿ, ಪೂರ್ಣ ಬಲ. ನಂತರ 10,000 ಅಡಿಯವರೆಗೆ 10 ಡಿಗ್ರಿ, ಅದರ ಮೇಲೆ 5 ಡಿಗ್ರಿ, ಎರಡಕ್ಕೂ ಏರಿಕೆಯ ಬಲ. ಬೋಯಿಂಗ್ 737ರಲ್ಲಿ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಚಾಚುವ ಹಲಗೆ) ಒಳಗಿದ್ದರೆ 4 ಡಿಗ್ರಿ, 75 ಪ್ರತಿಶತ ಎನ್1 (ಎಂಜಿನ್‌ನ ಮುಂದಿನ ಫ್ಯಾನ್ ತಿರುಗುವ ವೇಗ). ಹೊರಗಿದ್ದರೆ 10 ಡಿಗ್ರಿ, 80 ಪ್ರತಿಶತ. ಕೋನವೂ ಬಲವೂ ಸರಿಯಿದ್ದರೆ ಮುಳ್ಳು ಏನೇ ತೋರಿಸಲಿ, ವಿಮಾನ ಸುರಕ್ಷಿತ ವೇಗದಲ್ಲೇ ಇರುತ್ತದೆ. ವಿಮಾನ ಸ್ಥಿರವಾದ ಮೇಲಷ್ಟೇ ಪುಸ್ತಕ ತೆರೆದು ಕೋಷ್ಟಕ ನೋಡುವುದು, ಇಬ್ಬರು ಪೈಲಟ್‌ಗಳ ಮುಂದಿನ ಮತ್ತು ಮೀಸಲಿನ, ಹೀಗೆ ಮೂರು ಮುಳ್ಳುಗಳನ್ನೂ ಜಿಪಿಎಸ್ ವೇಗವನ್ನೂ ಹೋಲಿಸುವುದು, ತಪ್ಪು ಅಳತೆಯ ಮೂಲವನ್ನು ಕಡಿಯುವುದು. ಜಿಪಿಎಸ್ ಹೇಳುವುದು ನೆಲದ ಮೇಲಿನ ವೇಗ. ಗಾಳಿಯ ಲೆಕ್ಕ ಸೇರಿಸಬೇಕು.

ಸಂಡೂರಿನ ಕೆಂಪು ಧೂಳು, ಗೋಡೆಗೋಡೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳ ಇರುವ ಈ ನೆಲದಲ್ಲಿ ರಾತ್ರಿ ನಿಲ್ಲುವ ವಿಮಾನಕ್ಕೆ ಮುಚ್ಚಿಗೆ ಹಾಕಲೇಬೇಕು. ಆದರೆ 2018ರ ಜುಲೈನಲ್ಲಿ ಬ್ರಿಸ್ಬೇನ್‌ನಲ್ಲಿ ಎ330 ವಿಮಾನವೊಂದು ಮುಚ್ಚಿಗೆಗಳ ಸಮೇತವೇ ಹಾರಿತು. ಯಾರ ಜೀವಕ್ಕೂ ಅಪಾಯವಾಗದೆ ಮರಳಿ ಇಳಿಯಿತು. ಹಾಗಾಗಿ ಹೊರಡುವ ಮುನ್ನ ವಿಮಾನದ ಸುತ್ತು ಹಾಕುವವರು ಮುಚ್ಚಿಗೆಯಿಂದ ಜೋತಾಡುವ ಕೆಂಪು ಪಟ್ಟಿ ನೋಡಿದರೆ ಸಾಲದು. ಹಾಕಿದ ಮುಚ್ಚಿಗೆ ಎಷ್ಟು, ಕೈಯಲ್ಲಿರುವುದು ಎಷ್ಟು ಎಂದು ಎಣಿಸಿ, ಪ್ರತಿ ಕೊಳವೆಯ ಬಾಯನ್ನು ಟಾರ್ಚ್ ಬಿಟ್ಟು ನೋಡಬೇಕು.